ಮಳೆತೋಟಕ್ಕೆ ಎಡೆ ಹೊಡೆದ ಬೆಳಗು

ಅಥವಾ ಕುರ್ಚಿಗೆ ಎನ್ನುವ ಆ ಸಲಕರಣೆ ನನ್ನ ಕೈಯಲ್ಲೇ ಇತ್ತೋ ಏನೋ. ಕಳೆ ತೆಗೆಯುವ ಆ ಬಾಗಿದ ಪುಟ್ಟ ಕಬ್ಬಿಣವನ್ನು ನೆಟ್ಟಗೆ ಹಿಡಿಯಲೂ ಬಾರದವನು ನಾನು, ಆದ್ದರಿಂದ ಇರಲಿಕ್ಕಿಲ್ಲ. ಆದರೂ ಆ ಬೆಳಗನ್ನು ನೆನೆಸಿಕೊಂಡಾಗಲೆಲ್ಲ ಒಂದೇ ಚಿತ್ರ ಕಾಣುತ್ತದೆ: ನಮ್ಮ ಓಣಿಯ ಹುಲಿಗೆಮ್ಮ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದಾರೆ, ಪಕ್ಕದಲ್ಲಿ ಕಂದು ಸ್ವೆಟರ್ ಹಾಕಿಕೊಂಡು ನಾನು ನಿಂತಿದ್ದೇನೆ. ಈ ಚಿತ್ರದಲ್ಲಿ ಎರಡು ತೊಂದರೆಗಳಿವೆ. ತಾನು ನಿಂತಿರುವುದನ್ನು ತಾನೇ ಎದುರಿನಿಂದ ನೋಡಿ ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದು. ಅದನ್ನು ಆಮೇಲೆ ಕೂತು ಬಿಡಿಸಿರಬೇಕು. ಎರಡನೆಯದು ಇನ್ನೂ ಸರಳ. ಕೂಡ್ಲಿಗಿಯಲ್ಲಿ ಸೆಪ್ಟೆಂಬರಿನ ಹುಬ್ಬೆ ಮಳೆಯ ಹೊತ್ತಿಗೆ ಸ್ವೆಟರ್ ಹಾಕುವವರಿಲ್ಲ.

ನನ್ನ ನೆನಪನ್ನು ನಾನು ನಂಬುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇದು ವಿನಯವಲ್ಲ, ಉದ್ಯೋಗ ಕಲಿಸಿದ ಬುದ್ಧಿ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಎಷ್ಟೋ ಸ್ಥಳ ಮಹಜರುಗಳನ್ನು ಬರೆದಿದ್ದೇನೆ. ಮಹಜರಿನಲ್ಲಿ ಐದು ಜನ ಪಂಚರು ಒಂದೇ ಜಾಗದಲ್ಲಿ ನಿಂತು, ಒಂದೇ ಸಂಗತಿಯನ್ನು, ಒಂದೇ ವಾಕ್ಯದಲ್ಲಿ ಕಂಡಿರುತ್ತಾರೆ. ಒಬ್ಬನಿಗೂ ಬಿಸಿಲು ಕಣ್ಣಿಗೆ ಹೊಡೆದಿರುವುದಿಲ್ಲ, ಒಬ್ಬನೂ ಆ ಹೊತ್ತಿಗೆ ಬೀಡಿ ಹಚ್ಚುತ್ತಾ ಆ ಕಡೆ ತಿರುಗಿರುವುದಿಲ್ಲ. ವಾಕ್ಯ ನನ್ನದು, ಸಹಿ ಅವರದು. ಹಾಗೆ ಬರೆದು ಬರೆದು, ಯಾವ ಘಟನೆಯಾದರೂ ಅಚ್ಚುಕಟ್ಟಾಗಿ ನೆನಪಾಯಿತೆಂದರೆ ಇದನ್ನು ನಾನೇ ಬರೆದಿರಬೇಕು ಎಂದು ಅನುಮಾನ ಬರುತ್ತದೆ. ನನ್ನ ಹೆಂಡತಿ ಸುಮಂಗಲಾಗೆ ಇಂಥ ತತ್ತ್ವಗಳಲ್ಲಿ ವಿಶ್ವಾಸ ಕಡಿಮೆ. "ನಿಮಗ ನಿನ್ನಿ ತಿಂದ ಪಲ್ಯೆ ನೆನಪಿರಂಗಿಲ್ಲ, ಅದಕ್ಕ ಇಷ್ಟೊಂದು ಮಾತು" ಅನ್ನುತ್ತಾಳೆ.

ಇರಲಿ. ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ನಮ್ಮ ಓಣಿಯ ಕೊನೆಗೆ ಒಂದು ಸಮುದಾಯ ಭವನವಿದೆ. ಅದರ ತಾರಸಿಯ ನೀರೆಲ್ಲ ಒಂದೇ ಕೊಳವೆಯಲ್ಲಿ ಧುಮುಕಿ ರಸ್ತೆಗೆ ಬರುತ್ತಿತ್ತು. ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದ ದಿನ ಓಣಿಯವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಯಾಕಾದರೂ ಬಂತೋ ಎಂದು ಬೈದುಕೊಂಡು ದಾಟುತ್ತಿದ್ದೆವು. ವರ್ಷವಿಡೀ ಮಳೆ ಮಳೆ ಎಂದು ಮುಗಿಲು ನೋಡುವ ಜನ ಮಳೆ ಬಂದ ದಿನ ಅದನ್ನು ಚರಂಡಿಗೆ ಕಳಿಸಿ ನಿರಾಳವಾಗುವುದು ಸರಿಯಲ್ಲ ಎಂದು ಮೊದಲು ಹೇಳಿದವರು ನಾಗರತ್ನಾ ಟೀಚರ್. ಹರಪನಹಳ್ಳಿ ಕಡೆಯವರು, ನಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತಾರೆ. ಭವನದ ಪಕ್ಕದ ಖಾಲಿ ಜಾಗದಲ್ಲಿ ಮೊಣಕಾಲಾಳದ ಅಗಲವಾದ ತಗ್ಗು ತೋಡೋಣ, ನೀರು ಅಲ್ಲಿ ನಿಂತು ಒಂದು ದಿನದೊಳಗೆ ಇಂಗಲಿ, ಸುತ್ತ ನಮ್ಮ ನೆಲದ ಗಿಡಗಳೇ ಇರಲಿ, ಹೂವಿಗೆ ಜೇನು ಚಿಟ್ಟೆ ಬರಲಿ, ಮಕ್ಕಳು ಅಲ್ಲೇ ಪಾಠ ಕಲಿಯಲಿ ಎಂದರು. ಇದಕ್ಕೆ ಮಳೆತೋಟ ಎಂದು ಹೆಸರು.

ಹೆಸರು ಕೇಳಿದ ಕೂಡಲೇ ಭವನದ ಎದುರು ಮನೆಯ ಹುಲಿಗೆಮ್ಮ ಕೇಳಿದರು. "ಮಳಿ ತೋಟ ಅಂದ್ರ ಏನ್ರಿ ಟೀಚರ್? ಮಳಿ ಬಂದ್ರ ತೋಟ. ಬರಲಿಲ್ಲಾಂದ್ರ?"

"ಬರಲಿಲ್ಲ ಅಂದ್ರೆ ಕಾಯೋದು ರೀ."

"ಹಂಗಾದ್ರ ಅದಕ್ಕ ಗುಂಡಿ ಅನ್ರಿ. ಕಾಯಾದ್ರಾಗ ಹೆಸರು ಕೆಡಂಗಿಲ್ಲ."

ಹಾಗಾಗಿ ಟೀಚರ ಪಾಲಿಗೆ ಅದು ಮಳೆತೋಟ, ಓಣಿಯ ಪಾಲಿಗೆ ಗುಂಡಿ. ಎರಡನೆಯ ಹೆಸರೇ ಹೆಚ್ಚು ಪ್ರೀತಿಯದು. "ಗುಂಡಿ ಕಡೆ ಹೋಗಿ ಬರ್ತೀನಿ" ಎಂದು ಸಂಜೆ ಹೊರಡುವವರು ಈಗ ನಮ್ಮಲ್ಲಿ ಹಲವರಿದ್ದಾರೆ. ಹೊರಗಿನವರು ಕೇಳಿದರೆ ಏನೆಂದುಕೊಂಡಾರೋ.

ಹುಲಿಗೆಮ್ಮನ ಬಗ್ಗೆ ಹೇಳಬೇಕು. ಹೊಸಹಳ್ಳಿ ಕಡೆಯ ಕೆಂಪು ಮಣ್ಣಿನಲ್ಲಿ ಬುದ್ಧಿ ಬಂದಾಗಿನಿಂದ ಕೂಲಿಗೂ ಹೋಗಿ ಸ್ವಂತಕ್ಕೂ ದುಡಿದವರು. ಸೊಸೆ ಆಸ್ಪತ್ರೆಯಲ್ಲಿ ನರ್ಸ್, ಮಗ ವಿದ್ಯುತ್ ಇಲಾಖೆಯಲ್ಲಿ. ಮನೆ ತುಂಬ ಜನ, ಕೈ ತುಂಬ ಬಿಡುವು. ಆ ಬಿಡುವೇ ಅವರಿಗೆ ಆಗುವುದಿಲ್ಲ. ನನ್ನನ್ನು ತಮ್ಮಾ ಎನ್ನುತ್ತಾರೆ, ನಾನು ಅಕ್ಕಾ ಎನ್ನುತ್ತೇನೆ. ನನ್ನ ಬಗ್ಗೆ ಅವರಿಗೆ ಅಕ್ಕರೆ ಇದೆ, ಮರ್ಯಾದೆ ಇದೆಯೋ ಇಲ್ಲವೋ ಹೇಳಲಾರೆ. ತಗ್ಗು ತೋಡುವ ದಿನ ನಾನು ಸಲಿಕೆ ಹಿಡಿದದ್ದನ್ನು ನೋಡಿ, "ತಮ್ಮಾ, ಅದು ಪೆನ್ನಲ್ಲ, ಎರಡೂ ಕೈ ಹಚ್ಚು" ಅಂದಿದ್ದರು.

ಗಿಡ ಹಾಕುವ ದಿನ ಇನ್ನೊಂದು ತಕರಾರು. ನಾವೆಲ್ಲ ಮನೆಯಿಂದ ಕ್ರೋಟನ್ನು, ಗುಲಾಬಿ ಹಿಡಿದು ಬಂದಿದ್ದೆವು. ಟೀಚರ್ ಬೇಕೆಂದದ್ದು ತುಂಬೆ, ಲಕ್ಕಿ, ತಂಗಡಿ, ಉತ್ತರಾಣಿ. ಹುಲಿಗೆಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ತುಂಬಿ ಗಿಡ ಕೀಳಾದ್ರಾಗ ನನ್ನ ಬೆನ್ನು ಬಾಗೈತಿ. ಈಗ ಅದನ್ನ ನೆಡು ಅಂತೀರಿ. ಮೊದ್ಲ ಹೇಳಿದ್ರ ಕೀಳಾದರ ತಪ್ತಿತ್ತು." ಆದರೂ ಮರುದಿನ ಊರ ಹೊರಗಿನಿಂದ ಒಂದು ಪುಟ್ಟಿ ತುಂಬ ತುಂಬೆ ಸಸಿ ಬೇರುಮಣ್ಣಿನ ಸಮೇತ ತಂದು ತಾವೇ ನೆಟ್ಟರು. ಒಂದೂ ಸಾಯಲಿಲ್ಲ. ನಾನು ನೆಟ್ಟ ಲಕ್ಕಿ ಮೂರು ಸಲ ಸತ್ತು ನಾಲ್ಕನೆಯ ಸಲ ನನ್ನ ಮೇಲೆ ಕನಿಕರಪಟ್ಟು ಬದುಕಿತು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಹಿಂದೆ ಹೂವಿನ ಹಡಗಲಿಯಲ್ಲಿ ಕೆಲವು ವರ್ಷ ಇದ್ದೆ. ಹೆಸರಲ್ಲೇ ಹೂವಿರುವ ಊರು. ಮಲ್ಲಿಗೆ ತೋಟಗಳ ಪಕ್ಕದಲ್ಲಿ ಬಾಡಿಗೆ ಮನೆ. ಅಲ್ಲಿನ ಜೇನುಗಳಿಗಿಂತ ಭಾಗ್ಯವಂತರಿಲ್ಲ ಎಂದು ಆಗ ಅಂದುಕೊಂಡಿದ್ದೆ. ಈ ಗುಂಡಿಯ ಪಾಠ ಕೇಳಿದ ಮೇಲೆ ಹೊಳೆಯಿತು: ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಬಿಡಿಸುತ್ತಾರೆ. ಅದು ಅರಳುವುದು ಮುಡಿಯಲ್ಲೋ, ದೇವರ ತಲೆಯ ಮೇಲೋ, ಬಸ್ಸಿನ ಡ್ರೈವರನ ಮುಂದಿನ ಗಾಜಿನ ಮೇಲೋ. ಎಕರೆಗಟ್ಟಲೆ ಹೂವಿನ ನಡುವೆ ಜೇನಿಗೆ ದಕ್ಕುವುದು ಮಾಲೀಕನ ಕಣ್ಣು ತಪ್ಪಿ ಉಳಿದದ್ದಷ್ಟೇ. ಅದೇ ತೋಟದ ಬೇಲಿಯ ಬುಡದಲ್ಲಿ ಯಾರೂ ಪೋಣಿಸದ, ಯಾರೂ ಕೇಳದ ತುಂಬೆ ದಿನವಿಡೀ ಅರಳಿರುತ್ತದೆ. ಇದರಿಂದ ದೊಡ್ಡ ನೀತಿಯೇನನ್ನೋ ತೆಗೆಯಬಹುದು. ನಾನು ತೆಗೆಯುವುದಿಲ್ಲ, ಸುಮಂಗಲಾ ಈಗಲೂ ಮಲ್ಲಿಗೆಯನ್ನೇ ಮುಡಿಯುತ್ತಾಳೆ, ತುಂಬೆಯನ್ನಲ್ಲ.

ತೋಟದ ಎರಡನೆಯ ಮಳೆಗಾಲದಲ್ಲಿ ಟೀಚರ್ ಒಂದು ಸಂಜೆ ನನ್ನನ್ನು ಕರೆದು ಗುಂಡಿಯ ಸುತ್ತಲಿನ ಮಣ್ಣಿನ ದಿಬ್ಬವನ್ನು ತೋರಿಸಿದರು. ತೋಡಿದಾಗ ಬಂದ ಮಣ್ಣನ್ನು ಸುತ್ತಲೂ ಮೊಳದೆತ್ತರ ಏರಿಸಿದ್ದೆವು. ಅದರ ಬೋಳು ಜಾಗದಲ್ಲಿ ಪೆನ್ಸಿಲ್ ಚುಚ್ಚಿದಂಥ ಸಣ್ಣ ತೂತುಗಳು, ಪಕ್ಕದಲ್ಲಿ ಚಿಟಿಕೆ ಮಣ್ಣು. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಕೂತೆವು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿದ್ದ ಒಂದು ಜೇನು ಗುಂಯ್ ಎಂದು ಬಂದು ತೂತಿನೊಳಗೆ ಇಳಿಯಿತು. ಇದಕ್ಕೆ ರಾಣಿಯೂ ಇಲ್ಲ, ಸೈನ್ಯವೂ ಇಲ್ಲ. ಒಂದೊಂದು ಹೆಣ್ಣೂ ತನ್ನ ಗೂಡನ್ನು ತಾನೇ ನೆಲದೊಳಗೆ ತೋಡಿ, ಪರಾಗದ ಉಂಡೆ ಕಟ್ಟಿಟ್ಟು, ಮೊಟ್ಟೆಯಿಟ್ಟು ಮುಚ್ಚುತ್ತದೆ ಎಂದು ಟೀಚರ್ ವಿವರಿಸಿದರು. ಬದನೆ, ಟೊಮೆಟೊ ಹೂಗಳನ್ನು ಹಿಡಿದು ನಡುಗಿಸಿ ಪರಾಗ ಉದುರಿಸುವ ವಿದ್ಯೆ ಇದಕ್ಕೆ ಗೊತ್ತಂತೆ. ಕಡ್ಡಿ ನೆಟ್ಟು ಗುರುತು ಮಾಡಿದರೆ ಮಕ್ಕಳು ಕೆದಕಿ ನೋಡುತ್ತಾರೆ, ಶನಿವಾರ ನಾನೇ ತೋರಿಸುತ್ತೇನೆ, ಅಲ್ಲಿಯವರೆಗೆ ದಿಬ್ಬ ಯಾರೂ ಮುಟ್ಟದಂತೆ ನೋಡಿಕೊಳ್ಳಿ ಎಂದರು. "ಹುಲಿಗೆಮ್ಮಾರಿಗೂ ಒಂದ್ ಮಾತ್ ಹೇಳ್ರಿ" ಎಂದೂ ಅಂದರು. ಅಂದರೆಂದು ಅವರು ಹೇಳುತ್ತಾರೆ.

ಬುಧವಾರ ರಾತ್ರಿ ಮಳೆ ಬಂತು. ಗುರುವಾರ ಬಿಸಿಲು. ಕೆಂಪು ಮಣ್ಣಿಗೆ ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿ ಸೀಳುಬಿಡುತ್ತದೆ. ಆ ಸೀಳುಗಳಿಂದ ಒಳಗಿನ ತೇವವೆಲ್ಲ ಹೊರಟುಹೋಗುತ್ತದೆ. ಅದಕ್ಕೇ ನಮ್ಮ ಕಡೆ ಹೊಲದಲ್ಲಿ ಮಳೆಯಾದ ಎರಡು ದಿನಕ್ಕೆ ಸಾಲುಗಳ ನಡುವೆ ಮೇಲ್ಮಣ್ಣನ್ನು ಪುಡಿ ಮಾಡುತ್ತಾರೆ. ಎಡೆ ಹೊಡೆಯುವುದು ಎಂದರೆ ಅದೇ. ಪುಡಿ ಮಣ್ಣು ಹೊದ್ದಿಕೆಯಂತೆ ಕೂತು ಹಸಿಯನ್ನು ಕಾಪಾಡುತ್ತದೆ. ಮುಂದಿನ ಮಳೆ ಯಾವಾಗಲೋ ತಿಳಿಯದ ಸೀಮೆಯಲ್ಲಿ ಇದು ಕೃಷಿಯ ಒಂದು ಕೆಲಸ ಮಾತ್ರವಲ್ಲ, ಕೈಗೆ ಅಂಟಿದ ಸ್ವಭಾವ. ಹುಲಿಗೆಮ್ಮನಂಥವರಿಗೆ ಸೀಳುಬಿಟ್ಟ ನೆಲ ಕಂಡು ಸುಮ್ಮನೆ ದಾಟಿಹೋಗುವುದು, ನಿಮಗೆ ಅಳುವ ಕೂಸನ್ನು ದಾಟಿಹೋದ ಹಾಗೆ.

ಶುಕ್ರವಾರ ಬೆಳಗ್ಗೆ ಅವರು ಕುರ್ಚಿಗೆ ಹಿಡಿದು ಬಂದು ಇಡೀ ದಿಬ್ಬವನ್ನು ಒಂದು ಸುತ್ತು ಕೆದಕಿ, ಹೆಂಟೆ ಒಡೆದು, ಅಂಗೈಯಿಂದ ಸವರಿ, ಜರಡಿ ಹಿಡಿದ ರವೆಯಂತೆ ಮಾಡಿಬಿಟ್ಟರು. ಒಂದು ತೂತೂ ಉಳಿಯಲಿಲ್ಲ. ನಾನು ಅಲ್ಲೇ ಇದ್ದೆ.

ಇದ್ದೆ ಎನ್ನುವುದು ಖಚಿತ. ಮೊದಲು ಇದ್ದೆನೋ, ಆಮೇಲೆ ಬಂದೆನೋ ಎನ್ನುವುದು ಖಚಿತವಲ್ಲ. ಹುಲಿಗೆಮ್ಮ ಹೇಳುವುದು ಹೀಗೆ: ಭವನದ ಕಟ್ಟೆಯ ಮೇಲೆ ನಾನು ಪೇಪರ್ ಓದುತ್ತಿದ್ದೆ, ಅವರು "ತಮ್ಮಾ, ಹಸಿ ಆರಾಕತ್ತೈತಿ, ಒಂದ್ ಕೈ ಆಡಿಸ್ಲೇನು?" ಎಂದು ಕೇಳಿದರು, ನಾನು ಪೇಪರಿನಿಂದ ತಲೆಯೆತ್ತದೆ "ಹೂಂ" ಎಂದೆ. ನನಗೆ ನೆನಪಿರುವುದು ಬೇರೆ. ಹಿಂದಿನ ದಿನವೇ ಅವರ ಮನೆಯ ಬಾಗಿಲಲ್ಲಿ ನಿಂತು ದಿಬ್ಬದ ವಿಷಯ ವಿವರವಾಗಿ ಹೇಳಿದ್ದೆ; ಅವರು ಅವರೆಕಾಯಿ ಸುಲಿಯುತ್ತಿದ್ದರು. ಈ ನೆನಪು ಎಷ್ಟು ಸ್ಪಷ್ಟವೆಂದರೆ ಮೊರದ ಬಣ್ಣವೂ ಕಾಣುತ್ತದೆ. ಸುಮಂಗಲಾ ಒಂದೇ ಮಾತಿನಲ್ಲಿ ಅದರ ಉಸಿರು ತೆಗೆದಳು. "ಹುಬ್ಬಿ ಮಳ್ಯಾಗ ಅವರಿಕಾಯಿ ಎಲ್ಲಿಂದ ಬಂತ್ರಿ?"

ಶನಿವಾರ ಟೀಚರ್ ಎರಡು ತರಗತಿಯ ಮಕ್ಕಳನ್ನು ಸಾಲಾಗಿ ಕರೆತಂದರು. ದಿಬ್ಬದ ಮುಂದೆ ಬಗ್ಗಿ ತೂತುಗಳನ್ನು ಹುಡುಕಿದರು. ಯಾರು ಮಾಡಿದ್ದು ಎಂದು ಕೇಳಿದರು. ಹುಲಿಗೆಮ್ಮ ಮುಂದೆ ಬಂದು, ಬಹುಮಾನ ತೆಗೆದುಕೊಳ್ಳುವವರಂತೆ ನಿಂತು, "ನಾನ ರಿ ಟೀಚರ್. ನೋಡ್ರಿ, ಮಣ್ಣು ಹೆಂಗ ಅರಳೈತಿ" ಎಂದರು. ಟೀಚರ್ ಮಕ್ಕಳ ಕಡೆ ತಿರುಗಿ ಹೇಳಿದರು: "ನೋಡ್ರಿ ಮಕ್ಕಳೇ, ಮಣ್ಣಿನೊಳಗೆ ಏನೈತೆ ಅಂತ ಗೊತ್ತಿಲ್ದೆ ಕೈ ಹಾಕಿದ್ರೆ ಹಿಂಗಾಗುತ್ತೆ." ಸಿಟ್ಟಿನಿಂದಲ್ಲ, ಅಳು ಬಂದವರ ದನಿಯಲ್ಲಿ. ಮಕ್ಕಳೆಲ್ಲ ಹುಲಿಗೆಮ್ಮನನ್ನು ನೋಡಿದರು. ಹುಲಿಗೆಮ್ಮ ನನ್ನನ್ನು ನೋಡಿದರು. ನಾನು ಲಕ್ಕಿ ಗಿಡ ನೋಡುತ್ತಿದ್ದೆ. ಇದು ಚೆನ್ನಾಗಿ ನೆನಪಿದೆ. ಇದನ್ನು ಬೇರೆ ಥರ ನೆನಪಿಟ್ಟುಕೊಳ್ಳಲು ಎಷ್ಟೋ ಪ್ರಯತ್ನಪಟ್ಟಿದ್ದೇನೆ.

ಮರುದಿನದಿಂದ ಹುಲಿಗೆಮ್ಮ ಗುಂಡಿಗೆ ಬರಲಿಲ್ಲ. ಎದುರು ಮನೆ, ಬಾಗಿಲು ತೆರೆದರೆ ಗುಂಡಿ. ಅವರು ಹಿಂದಿನ ಬಾಗಿಲಿನಿಂದ ಓಡಾಡತೊಡಗಿದರು. ಒಂದು ವಾರ ಕಳೆದ ಮೇಲೆ ಹೋಗಿ ಮಾತಾಡಿಸಿದೆ. ಮಕ್ಕಳಿಗೆ ಹೇಳಿದ ಮಾತು, ಟೀಚರ್ ನಿಮಗೆಂದು ಅನ್ನಲಿಲ್ಲ ಎಂದೆ.

"ಓದು ಗೊತ್ತಿಲ್ಲ ಅಂದಿದ್ರ ನಕ್ಕು ಸುಮ್ನಾಗ್ತಿದ್ದೆ ತಮ್ಮಾ. ಖರೇನ, ಗೊತ್ತಿಲ್ಲ. ಮಣ್ಣು ಗೊತ್ತಿಲ್ಲ ಅಂದ್ಳು. ಅಷ್ಟ್ ಹುಡುಗ್ರ ಮುಂದ."

ಮನುಷ್ಯನಿಗೆ ಗೊತ್ತಿರುವುದು ಬಹಳ ಸಂಗತಿಗಳಲ್ಲ. ಇರುವ ಒಂದನ್ನೂ ಗೊತ್ತಿಲ್ಲ ಎಂದರೆ ಅವನು ಎಲ್ಲಿ ನಿಲ್ಲಬೇಕು? ಆ ಮಣ್ಣಿನ ಮೇಲೆ ಅವರು ಮತ್ತೆ ಬಂದು ನಿಲ್ಲದೆ ಹೋದರೆ ಗುಂಡಿಯಲ್ಲಿ ಎಷ್ಟು ಜೇನು ಬಂದರೂ ನನಗೆ ಅತ್ತ ಮುಖ ಹಾಕಲಾಗದು ಎನಿಸಿತು.

ಮನೆಗೆ ಬಂದು ನಾನು ಮಾಡಿದ ಕೆಲಸ ಹೇಳಲು ನಾಚಿಕೆ. ಹಳೇ ಚಾಳಿ, ಮಹಜರು ಬರೆಯಲು ಕೂತೆ. ಹುಲಿಗೆಮ್ಮ ಹೇಳಿದಂತೆ ಒಂದು, ನನ್ನ ನೆನಪಿನಂತೆ ಒಂದು, ಅವರೆಕಾಯಿ ತೆಗೆದುಹಾಕಿ ತಿದ್ದಿದ್ದು ಒಂದು. ಆಮೇಲೆ ಜೇನಿನ ಕಡೆಯಿಂದಲೂ ಒಂದು ಬರೆದೆ. ಅದರಲ್ಲಿ ಮನುಷ್ಯರೇ ಇರಲಿಲ್ಲ, ಇದ್ದಕ್ಕಿದ್ದಂತೆ ಸೂರು ಪುಡಿಯಾಗುತ್ತಿತ್ತು, ಅಷ್ಟೇ. ನಾಲ್ಕೂ ಚೆನ್ನಾಗಿ ಬಂದವು. ಅದೇ ಅವುಗಳ ದೋಷ. ನಾಲ್ಕರಲ್ಲಿ ಯಾವುದಕ್ಕೆ ಬೇಕಾದರೂ ನಾನು ಸಹಿ ಹಾಕಬಲ್ಲವನಾಗಿದ್ದೆ.

ಕೊನೆಗೆ ಸಾಕ್ಷಿ ಸಿಕ್ಕಿದ್ದು ಓಣಿಯ ವಾಟ್ಸಾಪ್ ಗುಂಪಿನಲ್ಲಿ. ಏನನ್ನೋ ಹುಡುಕುತ್ತಾ ಹಿಂದಕ್ಕೆ ಹೋದಾಗ, ಆ ಶುಕ್ರವಾರ ಬೆಳಗ್ಗೆ ಹಾಕಿದ ಒಂದು ಫೋಟೋ ಕಂಡಿತು. ನುಣ್ಣಗೆ ಸವರಿದ ದಿಬ್ಬ, ಮೂಲೆಯಲ್ಲಿ ಹುಲಿಗೆಮ್ಮನ ಕುರ್ಚಿಗೆ. ಕೆಳಗೆ ಬರಹ: "ನಮ್ಮ ಮಳೆತೋಟ ಇಂದು ಹೊಸ ಕಳೆಯಲ್ಲಿ." ಕಳಿಸಿದವನು ನಾನು. ಆ ಫೋಟೋ ತೆಗೆದದ್ದು ಇವತ್ತಿಗೂ ನೆನಪಿಲ್ಲ. ಅದರ ಕೆಳಗೆ ಓಣಿಯವರ ಹೆಬ್ಬೆರಳುಗಳ ಸಾಲು. ಅವುಗಳಲ್ಲಿ ಒಂದು ನಾಗರತ್ನಾ ಟೀಚರದು.

ಫೋನು ಹಿಡಿದುಕೊಂಡು ಶಾಲೆಗೆ ಹೋದೆ. ಟೀಚರ್ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು, ಸಣ್ಣದು ಮಾಡಿ ನೋಡಿದರು. "ಬಸ್ಸಲ್ಲಿ ಬರ್ತಾ ಒತ್ತಿರ್ಬೇಕು ನಾನು" ಎಂದರು. ಫೋನು ವಾಪಸು ಕೊಡುತ್ತಾ, "ನೀವು ಅವ್ರಿಗೆ ಹೂಂ ಅಂದಿದ್ರೇನ್ರಿ?" ಎಂದು ಕೇಳಿದರು.

"ಅಂದಿರಬಹುದು. ನೆನಪಿಲ್ಲ."

"ನೆನಪಿಲ್ದಿರೋದನ್ನ ಒಪ್ಕೊಳ್ಳಾಕೆ ಬಂದೀರಲ್ಲ."

"ನೆನಪಿರೋದನ್ನ ನಂಬಾಕ ಆಗ್ತಿಲ್ರಿ, ಅದಕ್ಕ."

ಅವರು ನಕ್ಕು, ಅದೇ ಸಂಜೆ ಹುಲಿಗೆಮ್ಮನ ಮನೆಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸೊಸೆ ಚಹಾ ಮಾಡಿದ್ದು ಮಾತ್ರ ವಾಸನೆಯಿಂದ ತಿಳಿಯಿತು.

ಮುಂದಿನ ಶನಿವಾರ ಮಕ್ಕಳು ಮತ್ತೆ ಬಂದರು, ಹುಲಿಗೆಮ್ಮನೂ ಮುಂದಿನ ಬಾಗಿಲಿನಿಂದ ಬಂದರು. ನಾನು ಮಕ್ಕಳ ಎದುರು ಗಂಟಲು ಸರಿಮಾಡಿಕೊಂಡು, ಅವತ್ತು ತಪ್ಪಾದದ್ದು ನನ್ನಿಂದ, ಎಡೆ ಹೊಡೆಯಿರಿ ಎಂದು ನಾನೇ ಹೇಳಿದ್ದೆ ಎಂದೆ. ತಕ್ಕಮಟ್ಟಿಗೆ ಗಂಭೀರವಾಗಿಯೇ ಹೇಳಿದೆ. ಹುಲಿಗೆಮ್ಮ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಏ ತಮ್ಮಾ, ಸುಮ್ನಿರು. ಇವನ ಮಾತು ಕೇಳಿ ನಾನು ಎಡಿ ಹೊಡೀತೀನಂತ. ಹೂಂ ಅಂದ ಖರೆ. ಊಹೂಂ ಅಂದಿದ್ರೂ ಹೊಡೀತಿದ್ದೆ. ನೆಲ ಸೀಳಿತ್ತು, ಹೊಡ್ದೆ. ಅದರಾಗ ಇವಂದೇನೈತಿ?"

ಮಕ್ಕಳು ನಕ್ಕರು. ತಪ್ಪನ್ನು ಹೊತ್ತುಕೊಂಡು ದೊಡ್ಡವನಾಗಲು ಹೋದ ನನ್ನ ಕೈಯಿಂದ ಅದನ್ನೂ ಅವರು ಕಿತ್ತುಕೊಂಡರು. ಸರಿಯೇ, ನಾನು ಹೇಳಿದ್ದಕ್ಕೆ ಮಾಡಿದರೆಂದರೆ ಅವರು ಆಳು, ಮಣ್ಣು ಕೇಳಿದ್ದಕ್ಕೆ ಮಾಡಿದರೆಂದರೆ ಒಕ್ಕಲುಗಿತ್ತಿ. ಅಷ್ಟು ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ.

ಆಮೇಲೆ ಅವರು ಗುಂಡಿಯ ತಳಕ್ಕಿಳಿದು ಒಣಗಿದ ಮೇಲ್ಪದರವನ್ನು ಎತ್ತಿ ತೋರಿಸಿ, ಎಡೆ ಯಾಕೆ ಹೊಡೆಯಬೇಕು, ಎಷ್ಟು ಆಳ, ಎಷ್ಟು ದಿನಕ್ಕೆ ಎಂದೆಲ್ಲ ಮಕ್ಕಳಿಗೆ ಹೇಳಿದರು. ಪುಡಿ ಮಣ್ಣನ್ನು ಸರಿಸಿ ಕೆಳಗಿನ ಹಸಿಗೆ ಮಕ್ಕಳ ಬೆರಳು ಮುಟ್ಟಿಸಿದರು. ಟೀಚರ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಗ ಎರಡು ಜಡೆಯ ಒಂದು ಹುಡುಗಿ ಕೇಳಿದಳು: "ಅಜ್ಜಿ, ಹೊಲಕ್ಕೆಲ್ಲ ವರ್ಷಾ ವರ್ಷಾ ಎಡಿ ಹೊಡೀತೀರಲ್ಲ, ಹಂಗಾದ್ರ ಅಲ್ಲಿನ ಜೇನು ಎಲ್ಲಿರ್ತಾವು?"

ಹುಲಿಗೆಮ್ಮ ಕುರ್ಚಿಗೆಯನ್ನು ಮಣ್ಣಿಗೆ ಊರಿ ಬಹಳ ಹೊತ್ತು ಯೋಚಿಸಿದರು.

"ಬದುವಿನ್ಯಾಗ" ಎಂದರು. "ಬದುವಿಗೆ ಯಾರೂ ಎಡಿ ಹೊಡ್ಯಂಗಿಲ್ಲವ್ವ. ಅಲ್ಲಿ ಗುಂಗಿಹುಳ ಹೊಕ್ಕು ಹೊಂಡಾದು ನೋಡೀನಿ ನಾನು. ಬುತ್ತಿ ಉಣ್ಣಾಕ ಕುಂತಾಗ ಸೀರಿ ಒಳಗ ಬರ್ತಿದ್ವು." ಮತ್ತೆ ದಿಬ್ಬದ ಕಡೆ ನೋಡಿ, ನಿಧಾನಕ್ಕೆ, "ಇದೂ ಬದುವ ಅಲ್ಲೇನ್ರಿ ಟೀಚರ್. ಗುಂಡಿಗೂ ಬದು ಇರ್ತೈತಿ ಅಂತ ಅವತ್ತು ನಂಗ ಹೊಳೀಲಿಲ್ಲ. ಕಾಯಿಪಲ್ಯೆ ಮಡಿ ಅನ್ಕೊಂಡೆ."

ಕಚೇರಿಯಲ್ಲಿದ್ದಾಗ ನನಗೆ ಬದು ಎಂದರೆ ಜಗಳ. ಇವನು ಅರ್ಧ ಅಡಿ ಕೆತ್ತಿದ, ಅವನು ಒಂದು ಗೇಣು ಸರಿಸಿದ. ಎರಡು ಹೊಲಗಳ ನಡುವಿನ ಆ ಪಟ್ಟಿ ಯಾರದೆಂದು ಅಳೆಯುವುದರಲ್ಲೇ ಜನ ಸವೆದುಹೋದದ್ದನ್ನು ಕಂಡಿದ್ದೇನೆ. ಅದರೊಳಗೆ ಅಷ್ಟೂ ಕಾಲ ಬಾಡಿಗೆಯಿಲ್ಲದೆ ಒಂದು ಸಂಸಾರವಿತ್ತು ಎಂದು ಯಾವ ಮಹಜರಿನಲ್ಲೂ ಬರೆದ ನೆನಪಿಲ್ಲ. ಈ ಒಂದು ವಿಷಯದಲ್ಲಿ ನನ್ನ ನೆನಪನ್ನು ನಂಬಬಹುದು.

ಅವತ್ತೇ ನಿಯಮ ಆಯಿತು. ಗುಂಡಿಯ ತಳ ಹುಲಿಗೆಮ್ಮನದು, ದಿಬ್ಬ ಬದು. ಅದನ್ನು ಈಗ ಅವರೇ ಕಾಯುತ್ತಾರೆ, ಮಕ್ಕಳ ಚೆಂಡು ಬಿದ್ದರೂ ಗದರುತ್ತಾರೆ. ಟೀಚರ್ ಹೇಳಿದ ಪ್ರಕಾರ ಆ ಜೇನುಗಳ ಗೂಡು ಒಂದು ಗೇಣು ಆಳದಲ್ಲೂ ಇರಬಹುದು. ಕುರ್ಚಿಗೆ ಇಳಿದದ್ದು ಎರಡು ಬೆರಳು. ಬಾಗಿಲು ಮಾತ್ರ ಮುಚ್ಚಿ, ಮರಿಗಳು ಕೆಳಗೆ ಕ್ಷೇಮವಾಗಿದ್ದಿರಲೂ ಸಾಕು. ಇಲ್ಲದೆ ಇರಲೂ ಸಾಕು.

ಈ ವರ್ಷ ಮೊದಲ ಮಳೆಗಳಾದ ಮೇಲೆ ದಿಬ್ಬದಲ್ಲಿ ಮತ್ತೆ ತೂತುಗಳು ಕಾಣಿಸಿವೆ. ಅಂದು ಮಣ್ಣಿನೊಳಗೆ ಉಳಿದವರ ಸಂತಾನವೇ ಎಂದು ಹುಲಿಗೆಮ್ಮ ಖಂಡಿತವಾಗಿ ಹೇಳುತ್ತಾರೆ. "ನಮ್ಮವ ರಿ, ಗುರ್ತು ಹತ್ತಂಗಿಲ್ಲೇನು" ಅನ್ನುತ್ತಾರೆ. ಊರ ಹೊರಗಿನ ಯಾವುದೋ ಬದುವಿನಿಂದ ಹೊಸದಾಗಿ ಬಂದವೂ ಇರಬಹುದು, ನೋಡಿ ಹೇಳಲಾಗದು ಎನ್ನುತ್ತಾರೆ ಟೀಚರ್. ಇಬ್ಬರೂ ನನ್ನ ಕಡೆ ನೋಡುತ್ತಾರೆ. ನಾನು ದಿನಾ ಸಂಜೆ ಅಲ್ಲಿ ಹೋಗಿ ಕೂರುತ್ತೇನೆ, ನೀಲಿ ಪಟ್ಟೆಯವು ಬಂದು ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತೇನೆ. ಉಳಿದವೋ, ಬಂದವೋ, ನನಗೆ ಗೊತ್ತಿಲ್ಲ.